ಸಂತೆಯ ದಿನ ಮತ್ತು ಸಾಲಿಯ ಗಂಟೆ



ನಮ್ಮ ಮುಧೋಳ ಸೀಮೆಯಲ್ಲಿ ಮುಂಜಾನೆ ಎಂದರೆ ಗಡಿಬಿಡಿ. ನೀರು ತುಂಬಬೇಕು. ಹೆಂಡಿ ಬಳಿಯಬೇಕು. ರೊಟ್ಟಿ ಬಡಿಯಬೇಕು. ಹೊಲಕ್ಕೆ ಬುತ್ತಿ ಕಟ್ಟಬೇಕು. ಇಷ್ಟರಲ್ಲಿ ಸಾಲಿಯ ಗಂಟೆ ಬಾರಿಸುತ್ತದೆ. "ಇವತ್ತೊಂದ ದಿನ ಮನಿಯಾಗ ಇರು, ನಾಳೆ ಹೋಗಿಯಂತ" ಎಂದು ಮಗಳಿಗೆ ಹೇಳುತ್ತೇವೆ. ಮಗನಿಗೆ ಹೇಳುವುದು ಕಡಿಮೆ. ಮಗಳಿಗೇ ಹೇಳುತ್ತೇವೆ.

ಈ ಒಂದು ದಿನದ ಲೆಕ್ಕ ನೋಡೋಣ.

ನಾನು ಕನ್ನಡ ಸಾಲಿಯ ಶಿಕ್ಷಕಿ. ಒಂದು ವರ್ಷ ನನ್ನ ಮೂರನೆಯ ಇಯತ್ತೆಯಲ್ಲಿ ಒಬ್ಬ ಹುಡುಗಿ ಇದ್ದಳು. ಜಾಣೆ. ಮಗ್ಗಿ ಪಟಪಟ ಹೇಳುತ್ತಿದ್ದಳು. ಆದರೆ ಸಂತೆಯ ದಿನ ಬರುತ್ತಿರಲಿಲ್ಲ. ತಾಯಿ ಕಾಯಿಪಲ್ಲೆ ಮಾರಲು ಸಂತೆಗೆ ಹೋಗುವಳು. ಸಣ್ಣ ತಮ್ಮನನ್ನು ಈ ಹುಡುಗಿ ನೋಡಿಕೊಳ್ಳಬೇಕು. ವಾರಕ್ಕೆ ಒಂದೇ ದಿನವಲ್ಲವೆ ಎಂದು ನಾನೂ ಸುಮ್ಮನಿದ್ದೆ.

ದಸರಾ ರಜೆ ಮುಗಿಯಿತು. ಭಾಗಾಕಾರ ಕಲಿಸಲು ಶುರು ಮಾಡಿದೆ. ಮೊದಲ ಪಾಠ ಸಂತೆಯ ದಿನವೇ ಬಂತು. ಮರುದಿನ ಅವಳು ಪಕ್ಕದವಳ ಪಾಟಿ ನೋಡಿ ಬರೆದಳು. ಮುಂದಿನ ವಾರ ಮತ್ತೊಂದು ಪಾಠ ತಪ್ಪಿತು. ಸಂಕ್ರಾಂತಿಯ ಹೊತ್ತಿಗೆ ಅವಳು ಹಿಂದಿನ ಸಾಲಿಗೆ ಹೋಗಿ ಕುಳಿತಿದ್ದಳು. ಕೇಳಿದರೆ ತಲೆ ಬಗ್ಗಿಸುವಳು. ಇವಳಿಗೆ ಓದಿನಲ್ಲಿ ಮನಸ್ಸಿಲ್ಲ ಎಂದು ನಾನು ತಿಳಿದೆ. ಅದು ನನ್ನ ತಪ್ಪು.

ಒಂದು ಸಂಜೆ ಹಾಜರಿ ಪುಸ್ತಕ ತೆಗೆದು ಎಣಿಸಿದೆ. ಆಮೇಲೆ ಅವರ ಮನೆಗೆ ಹೋದೆ. ತಾಯಿ ಚಹಾ ಕೊಟ್ಟಳು. "ವಾರದಾಗ ಒಂದ ದಿನ ಅಲ್ರಿ ಅಕ್ಕಾರ, ಅದಕ್ಕೇನ ಆಕ್ಕೈತಿ?" ಎಂದಳು. ನಾನು ಹುಣಸೆ ಬೀಜ ಕೇಳಿದೆ. ಒಂದನೆಯಿಂದ ಐದನೆಯ ಇಯತ್ತೆಯವರೆಗೆ ಸಾಲಿ ವರ್ಷಕ್ಕೆ ಕನಿಷ್ಠ 200 ದಿನ ನಡೆಯಬೇಕು. ವಾರಕ್ಕೆ ಆರು ದಿನ ಸಾಲಿ. ಅಂದರೆ ಸುಮಾರು 33 ವಾರ. ವಾರಕ್ಕೊಂದು ಬೀಜ ಇಡುತ್ತ ಹೋದೆವು. 33 ಬೀಜ ಸಾಲಾಗಿ ಕುಳಿತವು. ತಾಯಿ ಬೀಜ ನೋಡುತ್ತ, "ಯವ್ವಾ, ತಿಂಗಳದ ಮ್ಯಾಲ ಆತಲ್ರಿ" ಎಂದಳು.

ಅವಳು ಸಂತೆ ಬಿಡಲು ಆಗುವುದಿಲ್ಲ. ಮನೆ ನಡೆಯುವುದೇ ಅದರಿಂದ. ಆದರೆ ಸಣ್ಣ ಹುಡುಗನಿಗೆ ಮೂರು ವರ್ಷ ತುಂಬಿತ್ತು. ಮೂರರಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿ ಇದೆ. ಅಲ್ಲಿ ಊಟವೂ ಇದೆ. ತಮ್ಮ ಅಂಗನವಾಡಿಗೆ ಹೋದ. ಅಕ್ಕ ಸಾಲಿಗೆ ಬಂದಳು. ಭಾಗಾಕಾರ ಹಿಡಿಯಲು ಮತ್ತೆ ಎರಡು ತಿಂಗಳು ಬೇಕಾಯಿತು.

ಈಗ ಕಾಯಿದೆಯ ಮಾತು. ಮಕ್ಕಳ ಶಿಕ್ಷಣ ಹಕ್ಕಿನ ಕಾಯಿದೆ 2009ರಲ್ಲಿ ಬಂತು. 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಎಂಟನೆಯ ಇಯತ್ತೆಯವರೆಗೆ ಶಿಕ್ಷಣ ಪುಕ್ಕಟೆ. ಕಲಿಸುವುದು ಸರಕಾರದ ಕೆಲಸ. ಮಗುವನ್ನು ಸಾಲಿಗೆ ಸೇರಿಸುವುದು ತಾಯಿತಂದೆಯ ಕರ್ತವ್ಯ. ಆರರಿಂದ ಎಂಟನೆಯ ಇಯತ್ತೆಗೆ ವರ್ಷಕ್ಕೆ 220 ದಿನ ಸಾಲಿ. ಮುಂದೆ ಹತ್ತನೆಯ ಪರೀಕ್ಷೆಗೆ ಕೂಡಬೇಕಾದರೆ ನೂರಕ್ಕೆ 75 ದಿನ ಹಾಜರಿ ಬೇಕು. ಸಣ್ಣಂದಿನ ರೂಢಿ ಆಗ ಕೈ ಹಿಡಿಯುತ್ತದೆ.

ಸಾಲಿಯ ದಿನ ಹೇಗೆ ನಡೆಯುತ್ತದೆ? ನಮ್ಮ ಕಡೆ ಹತ್ತು ಗಂಟೆಯ ಆಸುಪಾಸು ಪ್ರಾರ್ಥನೆ. ಆಮೇಲೆ ಹಾಜರಿ. 2013ರಿಂದ ಮಕ್ಕಳಿಗೆ ಹಾಲು ಕೊಡುತ್ತಿದ್ದಾರೆ. ಅದನ್ನು ಮುಂಜಾನೆಯೇ ಹಂಚುತ್ತಾರೆ. ತಡವಾಗಿ ಬಂದ ಮಗುವಿಗೆ ಹಾಲೂ ತಪ್ಪೀತು, ಪಾಠವೂ ತಪ್ಪೀತು. ಮಧ್ಯಾಹ್ನ ಬಿಸಿಯೂಟ. ಮೊಟ್ಟೆಯ ದಿನ ಮೊಟ್ಟೆ, ಅದನ್ನು ತಿನ್ನದವರಿಗೆ ಬಾಳೆಹಣ್ಣು. ಊಟದ ಮೇಲೆ ಮತ್ತೆ ಪಾಠ, ಆಟ. ಸಂಜೆ ನಾಲ್ಕರ ಮೇಲೆ ಬಿಡುಗಡೆ. ಶನಿವಾರ ಮಾತ್ರ ಮುಂಜಾನೆ ಸಾಲಿ. ಬೇಗ ಕಳಿಸಬೇಕು. ನಿಮ್ಮೂರ ಸಾಲಿಯ ಸರಿಯಾದ ವೇಳೆಯನ್ನು ಕೇಳಿ, ಮನೆಯ ಗೋಡೆಯ ಮೇಲೆ ಬರೆದಿಡಿರಿ. ನಿಮಗೆ ಈಗ ಬರೆಯಲು ಬರುತ್ತದಲ್ಲ.

ಶಿಕ್ಷಕರೂ ವೇಳೆಗೆ ಸರಿಯಾಗಿ ಬರಬೇಕು. ಇದೂ ಅದೇ ಕಾಯಿದೆಯಲ್ಲಿದೆ. ಶಿಕ್ಷಕಿಯಾದ ನಾನೇ ಇದನ್ನು ಬರೆಯುತ್ತಿದ್ದೇನೆ, ನೀವು ಕೇಳಲು ಅಂಜಬೇಡಿರಿ. ಮಕ್ಕಳನ್ನು ಹೊಡೆಯುವಂತೆಯೂ ಇಲ್ಲ. ಸಾಲಿಗೆ ಒಂದು ಸಮಿತಿ ಇರುತ್ತದೆ. ಅದರಲ್ಲಿ ನಾಲ್ಕು ಪಾಲಿನಲ್ಲಿ ಮೂರು ಪಾಲು ಪಾಲಕರೇ ಇರಬೇಕು. ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು. ಸಭೆಗೆ ಹೋಗಿರಿ. ಓದದೆ ಸಹಿ ಹಾಕಬೇಡಿರಿ.

ರಬಕವಿ, ಬನಹಟ್ಟಿ ಕಡೆ ಮನೆಮನೆಗೆ ಮಗ್ಗ. ಹುಡುಗಿಯರ ಕೈ ಸಣ್ಣದು, ಕಂಡಿಕೆ ಚೆನ್ನಾಗಿ ಸುತ್ತುತ್ತಾರೆ ಎನ್ನುತ್ತಾರೆ. ನಮ್ಮ ಮನೆಯ ಕೆಲಸ ತಾನೆ ಎಂದೂ ಹೇಳುತ್ತಾರೆ. 2016ರಲ್ಲಿ ಬಾಲಕಾರ್ಮಿಕ ಕಾಯಿದೆ ತಿದ್ದುಪಡಿ ಆಯಿತು. ಹದಿನಾಲ್ಕು ವರ್ಷದ ಒಳಗಿನ ಮಗು ಮನೆಯ ಕೆಲಸಕ್ಕೆ ಕೈ ಹಚ್ಚಬಹುದು. ಆದರೆ ಸಾಲಿ ಬಿಟ್ಟ ಮೇಲೆ, ಇಲ್ಲವೆ ರಜೆಯಲ್ಲಿ ಮಾತ್ರ. ಅಪಾಯದ ಕೆಲಸ ಆಗಲೂ ಕೂಡದು. ಸಾಲಿಯ ಹೊತ್ತಿನಲ್ಲಿ ಮಗ್ಗದ ಮುಂದೆ ಕೂಡಿಸುವುದು ತಪ್ಪು.

ಇನ್ನು ಕಬ್ಬಿನ ಸುಗ್ಗಿ. ಘಟಪ್ರಭೆ, ಕೃಷ್ಣೆಯ ದಂಡೆಗೆ ಕಬ್ಬು ಕಡಿಯುವ ಗ್ಯಾಂಗು ಬರುತ್ತವೆ. ನಮ್ಮವರೂ ದುಡಿಯಲು ಗೋವಾಕ್ಕೆ ಹೋಗುತ್ತಾರೆ. ಮಕ್ಕಳು ಗುಡಿಸಲ ಮುಂದೆ ಉಳಿಯುತ್ತಾರೆ. ಸಾಧ್ಯವಾದರೆ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು, ಊರ ಸಾಲಿ ತಪ್ಪಿಸಬೇಡಿರಿ. ಒಯ್ಯಲೇಬೇಕಾದರೆ, ಹೋದ ಊರಿನ ಸರಕಾರಿ ಸಾಲಿಗೆ ಸೇರಿಸಿರಿ. ನಡುವರ್ಷವಾದರೂ ಸೇರಿಸಿಕೊಳ್ಳಬೇಕು. ದಾಖಲೆ ವರ್ಗಾವಣೆಯ ಚೀಟಿ ಬರುವುದು ತಡವಾಯಿತೆಂದು ಹೊರಗೆ ನಿಲ್ಲಿಸುವಂತಿಲ್ಲ. ಜನನ ಪತ್ರ ಇಲ್ಲವೆಂದೂ ತಿರುಗಿ ಕಳಿಸುವಂತಿಲ್ಲ. ಹತ್ತು ವರ್ಷದ ಮಗು ಒಮ್ಮೆಯೂ ಸಾಲಿ ಕಂಡಿಲ್ಲವೆ? ಒಂದನೆಯ ಇಯತ್ತೆಯ ಕೂಸುಗಳ ಜೊತೆ ಕೂಡಿಸುವುದಿಲ್ಲ. ವಯಸ್ಸಿಗೆ ತಕ್ಕ ಇಯತ್ತೆಗೆ ಸೇರಿಸಿ, ಬೇರೆ ತರಬೇತಿ ಕೊಡಬೇಕು.

ಜ್ವರ ಬಂದರೆ, ಮನೆಯಲ್ಲಿ ಸಾವು ನೋವು ಆದರೆ ರಜೆ ಬೇಕೇ ಬೇಕು. ಆಗ ತಿಳಿಸಿರಿ. ಹೇಳದೆ ಕೇಳದೆ ಏಳು ದಿನದ ಮೇಲೆ ಬಾರದಿದ್ದರೆ ಮಗುವನ್ನು ಸಾಲಿ ಬಿಟ್ಟವರ ಲೆಕ್ಕಕ್ಕೆ ಹಿಡಿಯುತ್ತಾರೆ. ಶಿಕ್ಷಕರು ಮನೆಗೆ ಬರುತ್ತಾರೆ. ಬಂದರೆ ಅಂಜಬೇಡಿರಿ, ಬೈಯಲು ಬಂದವರಲ್ಲ. ಅದಕ್ಕಿಂತ ಮೊದಲೇ ಒಂದು ಚೀಟಿ ಕಳಿಸಿರಿ. ಹೀಗೆ ಬರೆಯಬಹುದು:

"ಗುರುಮಾತೆಯವರಿಗೆ ನಮಸ್ಕಾರ. ನನ್ನ ಮಗಳಿಗೆ ಜ್ವರ ಬಂದಿದೆ. ಸೋಮವಾರ ಮತ್ತು ಮಂಗಳವಾರ ರಜೆ ಕೊಡಿರಿ. ಬುಧವಾರ ಕಳಿಸುತ್ತೇನೆ. ತಾಯಿಯ ಸಹಿ."

ಕೆಳಗೆ ನಿಮ್ಮ ಹೆಸರು ಬರೆಯಿರಿ. ಹೆಬ್ಬೆಟ್ಟು ಬೇಡ.

ಆ ಸಂತೆಯ ತಾಯಿ ಆಮೇಲೆ ನಮ್ಮ ರಾತ್ರಿ ಸಾಲಿಗೆ ಸೇರಿದಳು. ಮರುವರ್ಷ ಮಳೆಗಾಲದಲ್ಲಿ ಅವಳ ಮಗಳು ಎರಡು ದಿನ ಬರಲಿಲ್ಲ. ತಮ್ಮನ ಕೈಯಲ್ಲಿ ಒಂದು ಚೀಟಿ ಬಂತು. 'ಜ್ವರ' ಎಂದು ಬರೆಯುವಲ್ಲಿ 'ಜರ' ಎಂದು ಬರೆದಿದ್ದಳು. ಒತ್ತಕ್ಷರ ಬಿಟ್ಟುಹೋಗಿತ್ತು. ಕೆಳಗೆ ಹೆಸರು ಮಾತ್ರ ದೊಡ್ಡದಾಗಿ, ತಪ್ಪಿಲ್ಲದೆ ಇತ್ತು. ಆ ಚೀಟಿಯನ್ನು ನಾನು ಹಾಜರಿ ಪುಸ್ತಕದಲ್ಲಿ ಇಟ್ಟೆ. ಬುಧವಾರ ಹುಡುಗಿ ಬಂದಳು.