ಎರಡು ತಟ್ಟೆ, ಒಂದೇ ವ್ಯತ್ಯಾಸ

ಅಕ್ಕೂರಿನ ಕಡೆ ರೇಷ್ಮೆ ಹುಳು ಸಾಕೋರ ನಡುವೆ ಈ ವಾದ ಎದ್ದೇ ಏಳುತ್ತೆ: ಯಾವ ತಳಿಯ ಹಿಪ್ಪುನೇರಳೆ ಸೊಪ್ಪು ಹಾಕಿದರೆ ಗೂಡು ತೂಕ ಬರುತ್ತೆ? ನಮ್ಮ ಚನ್ನಪಟ್ಟಣ ತಾಲ್ಲೂಕಿನ ಕಣ್ವದ ಹೆಸರೇ ಇರೋ ಕಣ್ವ-2, ಅಂದರೆ ಎಂ-5? ಇಲ್ಲಾ ಮೈಸೂರಿನಿಂದ ಬಂದ ವಿ-1? ವಾದ ಬಿಡಿ, ಪ್ರಯೋಗ ಮಾಡಿ.

ನಾಲ್ಕನೇ ಜ್ವರದಿಂದ (ಅಂದರೆ ಪೊರೆ ಬಿಡೋ ಹಂತದಿಂದ) ಎದ್ದ ಹುಳುಗಳನ್ನು ತಲಾ 50ರಂತೆ ಎರಡು ತಟ್ಟೆಗೆ ಬಿಡಿ. ಒಂದಕ್ಕೆ ಎಂ-5 ಸೊಪ್ಪು, ಇನ್ನೊಂದಕ್ಕೆ ವಿ-1. ನಾವು ಬೇಕಂತಲೇ ಬದಲಿಸಿದ್ದು ಸೊಪ್ಪಿನ ತಳಿ. ಅದು ಸ್ವತಂತ್ರ ಚರ. ಕೊನೆಗೆ ಅಳೆಯೋದು ಗೂಡಿನ ತೂಕ. ಅದು ಅವಲಂಬಿತ ಚರ.

ಕಷ್ಟ ಇರೋದು ನಿಯಂತ್ರಿತ ಚರಗಳಲ್ಲಿ, ಅಂದರೆ ಎರಡೂ ಕಡೆ ಒಂದೇ ಥರ ಇಡಬೇಕಾದವುಗಳಲ್ಲಿ. ಎರಡೂ ತಟ್ಟೆಯ ಹುಳು ಒಂದೇ ಚಾಕಿಯದಾಗಿರಬೇಕು (ಮರಿಯಿಂದ ಒಟ್ಟಿಗೆ ಸಾಕಿದ್ದಾಗಿರಬೇಕು). ಸೊಪ್ಪು ತೂಗಿ ಹಾಕಬೇಕು, ಅದೂ ಒಂದೇ ಹೊತ್ತಿಗೆ. ಒಂದು ತಟ್ಟೆ ಕಿಟಕಿ ಪಕ್ಕ, ಇನ್ನೊಂದು ಕಾದ ಶೀಟಿನ ಕೆಳಗೆ ಇಟ್ಟಿರೋ, ತೂಕ ಇಳಿದದ್ದು ಸೊಪ್ಪಿಂದಲೋ ಸೆಕೆಯಿಂದಲೋ ಬ್ರಹ್ಮನಿಗೂ ಗೊತ್ತಾಗಲ್ಲ!

50 ಯಾಕೆ, ಒಂದೊಂದು ಹುಳು ಸಾಲದಾ? ಸಾಲದು. ಹೆಣ್ಣು ಹುಳುವಿನ ಗೂಡು ಸಾಮಾನ್ಯವಾಗಿ ಗಂಡಿನದಕ್ಕಿಂತ ಭಾರ. ಅದಕ್ಕೇ ಸರಾಸರಿ ತೆಗೀರಿ. ಚಂದ್ರಿಕೆಯಿಂದ (ಹುಳು ಗೂಡು ಕಟ್ಟೋ ತಟ್ಟಿಯಿಂದ) ಬಿಡಿಸಿದ ಗೂಡನ್ನು ಎರಡೂ ಕಡೆಯದು ಒಂದೇ ದಿನ ತೂಗಿ; ಇಟ್ಟಷ್ಟೂ ಒಣಗಿ ಹಗುರಾಗುತ್ತೆ.