ಸಂದಿಯ ಮರಳು

ಆಗಸ್ಟ್ ತಿಂಗಳಲ್ಲಿ ಶನಿವಾರಸಂತೆಯ ಕಡೆಯ ಯಾವುದಾದರೂ ಮನೆಯ ಕಾರ್ ಶೆಡ್ಡಿನ ಮುಂದೆ ನಿಂತು ನೆಲ ನೋಡಬೇಕು. ನೀರು ಎಲ್ಲಿ ನಿಂತಿತು, ಬಿಸಿಲು ಎಲ್ಲಿಗೆ ಬರಲೇ ಇಲ್ಲ, ಜೀಪು ದಿನಾ ಯಾವ ಸಾಲಿನಲ್ಲಿ ಹೋಗಿ ಬರುತ್ತದೆ ಎಂಬುದೆಲ್ಲ ಅಲ್ಲೇ ಬರೆದಿಟ್ಟಂತೆ ಕಾಣುತ್ತದೆ. ಬೇಸಿಗೆಯಲ್ಲಿ ಕೆಂಪು, ಬೂದು ಬಣ್ಣದಲ್ಲಿ ಹೊಳೆಯುತ್ತಿದ್ದ ಇಂಟರ್‌ಲಾಕ್ ಈಗ ಕಪ್ಪು ಹಸಿರು. ಚಕ್ರ ಉಜ್ಜುವ ಎರಡು ಪಟ್ಟೆ ಮಾತ್ರ ಸ್ವಲ್ಪ ಸ್ವಚ್ಛ. ಹಂಚಿನ ಸೂರಿನಿಂದ ನೀರು ತೊಟ್ಟಿಕ್ಕುವ ಸಾಲಿನುದ್ದಕ್ಕೂ ಪಾಚಿ ದಪ್ಪಗೆ ಕೂತಿರುತ್ತದೆ. ಮನೆಯ ಹಿರಿಯರು ಆ ಸಾಲು ದಾಟುವಾಗ ಕಂಬ ಹಿಡಿದುಕೊಂಡೇ ಕಾಲಿಡುತ್ತಾರೆ.

ಸೋಮವಾರಪೇಟೆ ತಾಲ್ಲೂಕಿನ ಈ ಊರು ಕೊಡಗಿನ ಉತ್ತರದ ಅಂಚಿನಲ್ಲಿದೆ. ಇನ್ನೂ ಮುಂದೆ ಹೋದರೆ ಕೊಡ್ಲಿಪೇಟೆ, ಅದನ್ನು ದಾಟಿದರೆ ಹಾಸನ ಜಿಲ್ಲೆ. ಅರೇಬಿಕಾ ಕಾಫಿ, ಮೆಣಸು, ಗದ್ದೆ ಇರುವ ಮನೆಗಳ ಅಂಗಳ ಒಂದು ಕಾಲಕ್ಕೆ ಸಗಣಿ ಸಾರಿಸಿದ ಮಣ್ಣಿನದು. ಮಳೆಗಾಲದಲ್ಲಿ ಅದು ಕೆಸರು ಗದ್ದೆಯಾಗುತ್ತಿತ್ತು. ಕಾಲಿಡಲು ಹಲಗೆಯನ್ನೋ ಚಪ್ಪಡಿ ಕಲ್ಲನ್ನೋ ಹಾಸಬೇಕಿತ್ತು. ಆಮೇಲೆ ಸಿಮೆಂಟು ಬಂತು, ಅದು ಬಿರುಕು ಬಿಟ್ಟಿತು. ಈಗ ಇಂಟರ್‌ಲಾಕ್ ಕಾಲ. ಕಾರ್ಖಾನೆಯಲ್ಲೇ ಕ್ಯೂರಿಂಗ್ ಆಗಿ ಬಂದ ಕಲ್ಲು, ಹಾಸಿ ಮುಗಿಸಿದ ದಿನವೇ ಗಾಡಿ ನಿಲ್ಲಿಸಬಹುದು, ಬೇಕಾದರೆ ಎಬ್ಬಿಸಿ ಮತ್ತೆ ಕೂರಿಸಬಹುದು. ಜನ ಮೆಚ್ಚಿದ್ದರಲ್ಲಿ ತಪ್ಪೇನೂ ಇಲ್ಲ.

ಕಲ್ಲುಗಳು ಒಂದನ್ನೊಂದು ಕಚ್ಚಿ ಹಿಡಿದುಕೊಳ್ಳುವ ಈ ಉಪಾಯ ನಮ್ಮ ಸೀಮೆಗೆ ಹೊಸದಲ್ಲ. 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದಾಗಿನಿಂದ ಮಲೆನಾಡಿನ ಮಾಡುಗಳ ಮೇಲೆ ಕೂತಿರುವ ಮಂಗಳೂರು ಹಂಚು ಕೂಡ ಅಂಚಿಗೆ ಅಂಚು ಕಚ್ಚಿಕೊಳ್ಳುವಂಥದ್ದೇ. ನೆಲದ ಕಾಂಕ್ರೀಟ್ ಕಲ್ಲು ಬಂದದ್ದು ಬಹಳ ತಡವಾಗಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ನೆದರ್‌ಲೆಂಡ್ಸ್‌ನಲ್ಲಿ ರಸ್ತೆಗೆ ಹಾಸುವ ಸುಟ್ಟ ಇಟ್ಟಿಗೆ ಸಾಲದೆ ಬಂದು ಕಾಂಕ್ರೀಟ್ ಕಲ್ಲು ಬಳಕೆಗೆ ಬಂತು. ಮೂಲೆ ಮೂಲೆ ತಿರುಚಿದ ಜಿಗ್‌ಜಾಗ್ ಆಕಾರಗಳು 1960ರ ದಶಕದಲ್ಲಿ ಜರ್ಮನಿಯಲ್ಲಿ ಹುಟ್ಟಿದವು.

ಇಷ್ಟಾದರೂ ಒಂದು ವಿಷಯವನ್ನು ಹೆಚ್ಚಿನವರು ಗಮನಿಸಿಲ್ಲ. ಈ ನೆಲವನ್ನು ಗಟ್ಟಿಯಾಗಿ ಹಿಡಿದಿಟ್ಟಿರುವುದು ಕಲ್ಲಿನ ಆಕಾರ ಒಂದೇ ಅಲ್ಲ. ಎರಡು ಕಲ್ಲುಗಳ ನಡುವೆ ಮೂರು ಮಿಲಿಮೀಟರಿನಷ್ಟು ಸಂದಿ ಇರುತ್ತದಲ್ಲ, ಅದರಲ್ಲಿ ತುಂಬಿರುವ ಸಣ್ಣ ಮರಳೇ ಮುಖ್ಯ. ಜೀಪಿನ ಚಕ್ರ ಒಂದು ಕಲ್ಲಿನ ಮೇಲೆ ಬಂದಾಗ ಆ ಮರಳು ಉಜ್ಜಿ ಹಿಡಿದು ಭಾರವನ್ನು ಅಕ್ಕಪಕ್ಕದ ಕಲ್ಲುಗಳಿಗೂ ಹಂಚುತ್ತದೆ. ಮರಳು ಹೋದರೆ ಪ್ರತಿ ಕಲ್ಲೂ ಒಂಟಿ. ಚಕ್ರ ಹತ್ತಿದಾಗ ಅಲುಗಾಡುತ್ತದೆ, ಅಂಚು ಒಡೆಯುತ್ತದೆ, ಸಂದಿಯಿಂದ ನೀರು ಇಳಿದು ಕೆಳಗಿನ ಹಾಸು ಮರಳನ್ನೂ ಕೊಚ್ಚುತ್ತದೆ. ಎರಡು ಮಳೆಗಾಲದಲ್ಲಿ ಅಲ್ಲೊಂದು ಗುಂಡಿ ತಯಾರು.

ಹಾಗಾಗಿ ಇಂಟರ್‌ಲಾಕ್ ತೊಳೆಯಲು ಹೊರಡುವ ಮುಂಚೆ ಒಂದು ಪರೀಕ್ಷೆ ಮಾಡಿ ನೋಡುವುದು ಒಳ್ಳೆಯದು. ಶನಿವಾರದ ಸಂತೆಯಲ್ಲಿ ತಂದ ತೆಂಗಿನ ಕಡ್ಡಿ ಪೊರಕೆಯಿಂದ ಒಂದು ಕಡ್ಡಿ ಎಳೆದು ಸಂದಿಗೆ ಇಳಿಸಬೇಕು. ಉಗುರಿನುದ್ದ ಇಳಿದು ಮರಳಿಗೆ ತಾಗಿ ನಿಂತರೆ ಚಿಂತೆ ಇಲ್ಲ. ಬೆರಳಿನ ಒಂದು ಗೆಣ್ಣಿನಷ್ಟು ಸಲೀಸಾಗಿ ಇಳಿಯಿತೆಂದರೆ ಆ ಅಂಗಳಕ್ಕೆ ಮೊದಲು ಬೇಕಾದದ್ದು ಸೋಪಲ್ಲ, ಮರಳು. ಸೂರಿನ ನೀರು ಬೀಳುವ ಸಾಲಿನಲ್ಲಿ, ಚಕ್ರ ತಿರುಗುವ ಜಾಗದಲ್ಲಿ ಇಳಿಸಿ ನೋಡಿದರೆ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ.

ಇದೇ ಕಾರಣಕ್ಕೆ ಪ್ರೆಷರ್ ವಾಷರ್ ಬಗ್ಗೆ ಎಚ್ಚರ ಬೇಕು. ಗಾಡಿ ತೊಳೆಯಲು ಕೊಂಡ ಯಂತ್ರವನ್ನು ಹಿಡಿದು ಅಂಗಳಕ್ಕೆ ಬಿಟ್ಟಾಗ ಪಾಚಿ ಹೋಗಿ ಕಲ್ಲು ಹೊಸದರಂತೆ ಕಾಣುವುದು ನಿಜ, ಕಣ್ಣಿಗೆ ಹಿತ. ಆದರೆ ನೀರಿನ ಮೊನೆಯನ್ನು ಸಂದಿಗೆ ನೇರವಾಗಿ ಹಿಡಿದರೆ ಪಾಚಿಯ ಜೊತೆ ಮರಳೂ ಚರಂಡಿಗೆ ಹೋಗುತ್ತದೆ. ಕಲ್ಲಿನ ಮೇಲ್ಪದರದ ಸಿಮೆಂಟು ಸವೆದು ಜಲ್ಲಿ ಪುಡಿ ಎದ್ದು ಕಾಣುತ್ತದೆ. ಆ ತರಿತರಿ ಮೈಯಲ್ಲಿ ಮುಂದಿನ ಮಳೆಗೆ ಪಾಚಿ ಇನ್ನೂ ಬೇಗ ಹಿಡಿಯುತ್ತದೆ. ಯಂತ್ರ ಬಳಸಲೇಬೇಕೆಂದರೆ ಬೀಸಣಿಗೆಯಂತೆ ಹರಡುವ ನಾಜಲ್ ಹಾಕಿ, ಒಂದಡಿಗಿಂತ ಹತ್ತಿರ ಹಿಡಿಯದೆ, ಓರೆಯಾಗಿ ಬಿಡಬೇಕು. ನೆಲ ಒಣಗಿದ ಮೇಲೆ ಮರಳು ತುಂಬುವುದನ್ನು ಮರೆಯಬಾರದು.

ಪಾಚಿಯ ಸ್ವಭಾವ ತಿಳಿದರೆ ಕೆಲಸ ಅರ್ಧ ಹಗುರ. ಅದಕ್ಕೆ ನಿಜವಾದ ಬೇರಿಲ್ಲ, ನೂಲಿನಂಥ ಎಳೆಗಳಿಂದ ಕಲ್ಲಿಗೆ ಅಂಟಿಕೊಂಡಿರುತ್ತದೆ. ಗಾಳಿಯಲ್ಲಿ ಬರುವ ಕಣ್ಣಿಗೆ ಕಾಣದ ಬೀಜಾಣುಗಳಿಂದ ಹುಟ್ಟುತ್ತದೆ. ಅದಕ್ಕೆ ಬೇಕಾದದ್ದು ಎರಡೇ: ತೇವ, ನೆರಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಸೀಮೆಯಲ್ಲಿ ತೇವವನ್ನು ಯಾರೂ ತಡೆಯಲಾರರು. ಅಂಗಳದ ಮೇಲೆ ಬಾಗಿದ ಸಿಲ್ವರ್ ಓಕ್ ಅಥವಾ ಹಲಸಿನ ಕೊಂಬೆ ಕಡಿಸುವುದು, ಸೂರಿಗೆ ದೋಣಿ ಕಟ್ಟಿಸಿ ನೀರನ್ನು ಪೈಪಿನಲ್ಲಿ ಚರಂಡಿಗೆ ಇಳಿಸುವುದು ಮಾತ್ರ ಕೈಯಲ್ಲಿದೆ. ನೆಲದ ಇಳಿಜಾರೂ ಮುಖ್ಯ. ಹತ್ತು ಅಡಿಗೆ ಸುಮಾರು ಎರಡೂವರೆ ಇಂಚು ಇಳಿಜಾರಿದ್ದರೆ ನೀರು ನಿಲ್ಲುವುದಿಲ್ಲ. ಹೊಸದಾಗಿ ಹಾಕಿಸುವವರು ಇನ್ನೊಂದನ್ನು ಯೋಚಿಸಬೇಕು: ರಬ್ಬರ್ ಅಚ್ಚಿನಲ್ಲಿ ಮಾಡಿದ ಮಿರಮಿರ ಮಿನುಗುವ ಕಲ್ಲು ಅಂಗಡಿಯಲ್ಲಿ ಚೆಂದ, ಮಳೆಗಾಲದ ಅಂಗಳದಲ್ಲಿ ಜಾರುಬಂಡೆ. ಯಂತ್ರದಲ್ಲಿ ಒತ್ತಿದ, ಮೈ ಸ್ವಲ್ಪ ಒರಟಾಗಿರುವ ಕಲ್ಲೇ ಇಲ್ಲಿಗೆ ಸರಿ.

ಹಿಡಿದ ಪಾಚಿ ತೆಗೆಯಲು ಮಳೆ ಒಂದೆರಡು ದಿನ ಹೊಳವಾದಾಗ ಗಟ್ಟಿ ಬ್ರಷ್‌ನಿಂದ ಉಜ್ಜುವುದು ಎಲ್ಲಕ್ಕಿಂತ ಸರಳ ದಾರಿ. ಕೊಡಗಿನ ಎಷ್ಟೋ ಮನೆಗಳಲ್ಲಿ ಬಚ್ಚಲ ಹಂಡೆಯಲ್ಲಿ ನೀರು ಕಾಯುತ್ತಲೇ ಇರುತ್ತದೆ. ಕುದಿಯುವ ನೀರನ್ನು ಚೊಂಬಿನಲ್ಲಿ ತಂದು ಸಂದಿಗುಂಟ ಸುರಿದರೆ ಪಾಚಿಯೂ ಸಾಯುತ್ತದೆ, ಎಳೆಯ ಕಳೆಯೂ ಬಾಡುತ್ತದೆ. ಖರ್ಚಿಲ್ಲ, ವಿಷವಿಲ್ಲ. ಸಂದಿಯ ಕಳೆ ಕೆಳಗಿನ ಮಣ್ಣಿನಿಂದ ಬಂತೆಂದು ಜನ ಅಂದುಕೊಳ್ಳುತ್ತಾರೆ. ಹೆಚ್ಚಿನದು ಗಾಳಿಯಲ್ಲಿ ಬಂದ ಬೀಜ, ಸಂದಿಯಲ್ಲಿ ಕೂತ ದೂಳು ಮತ್ತು ಕೊಳೆತ ಎಲೆಯಲ್ಲಿ ಮೊಳೆತದ್ದು. ವಾರಕ್ಕೆರಡು ಸಲ ಗುಡಿಸುವ ಅಂಗಳದಲ್ಲಿ ಕಳೆ ಕಡಿಮೆ ಇರುವುದು ಅದಕ್ಕೇ.

ಹಠಮಾರಿ ಪಾಚಿಗೆ ಬ್ಲೀಚಿಂಗ್ ಪೌಡರಿನ ತೆಳು ನೀರು ಹಾಕಿ, ಕಾಲು ಗಂಟೆ ಬಿಟ್ಟು ಉಜ್ಜಿ ತೊಳೆಯುವುದುಂಟು. ಆದರೆ ಬ್ಲೀಚಿಂಗ್ ಹಾಕಿದ ನೆಲಕ್ಕೆ ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಸೋಕಿಸಲೇಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಶೆಡ್ಡಿನಂಥ ಮುಚ್ಚಿದ ಜಾಗದಲ್ಲಿ ಅದು ಜೀವಕ್ಕೇ ಅಪಾಯ. ತೊಳೆದ ನೀರು ಬಾವಿಯ ಕಡೆಗೋ ಕಾಫಿ ಗಿಡದ ಬುಡಕ್ಕೋ ಹರಿಯದಂತೆಯೂ ನೋಡಿಕೊಳ್ಳಬೇಕು. ಆಸಿಡ್ ಅಂತೂ ಒಂಟಿಯಾಗಿ ಹಾಕಿದರೂ ಹಾನಿಯೇ. ಅದು ಕೊಳೆಯ ಜೊತೆ ಸಿಮೆಂಟನ್ನೂ ತಿನ್ನುತ್ತದೆ, ಕಲ್ಲಿನ ಬಣ್ಣ ಮಾಸುತ್ತದೆ.

ಹೊಸ ಕಲ್ಲಿನ ಮೇಲೆ ಏಳುವ ಬಿಳಿ ಪುಡಿ ನೋಡಿ ಆಸಿಡ್ ಕೈಗೆತ್ತಿಕೊಳ್ಳುವವರೇ ಹೆಚ್ಚು. ಕಳಪೆ ಮಾಲು ಬಂತೆಂದು ಜಗಳವೂ ಆಗುತ್ತದೆ. ಅದು ಸಿಮೆಂಟಿನೊಳಗಿನ ಸುಣ್ಣದ ಅಂಶ ನೀರಿನ ಜೊತೆ ಮೇಲೆ ಬಂದು, ಗಾಳಿಯ ಇಂಗಾಲದ ಡೈ ಆಕ್ಸೈಡ್ ಸೇರಿ ಬೆಳ್ಳಗಾದದ್ದು ಅಷ್ಟೇ. ಒಣ ಬ್ರಷ್‌ನಿಂದ ಉಜ್ಜಿ ಬಿಟ್ಟರೆ ಒಂದೆರಡು ಮಳೆಗಾಲದಲ್ಲಿ ತಾನಾಗಿ ಹೋಗುತ್ತದೆ.

ಕಲೆಗಳ ವಿಷಯಕ್ಕೆ ಬಂದರೆ ತೋಟದ ಮನೆಯ ಶೆಡ್ಡಿಗೆ ತನ್ನದೇ ಕಷ್ಟಗಳಿವೆ. ಜೀಪು, ಪಿಕಪ್, ಸ್ಪ್ರೇಯರ್, ಕಳೆ ಕೊಚ್ಚುವ ಯಂತ್ರ ಎಲ್ಲವೂ ಒಂದೇ ಮಾಡಿನ ಕೆಳಗೆ. ಎಂಜಿನ್ ಆಯಿಲ್ ಬಿದ್ದ ಕೂಡಲೇ ನೀರು ಹಾಕಿದರೆ ಅದು ಹರಡಿ ಇನ್ನಷ್ಟು ಒಳಗಿಳಿಯುತ್ತದೆ. ಮೊದಲು ಮರದ ಪುಡಿ ಅಥವಾ ಒಲೆಯ ತಣ್ಣನೆ ಬೂದಿ ಸುರಿದು ಒಂದು ರಾತ್ರಿ ಹೀರಲು ಬಿಡಬೇಕು. ಬೆಳಿಗ್ಗೆ ಗುಡಿಸಿ ಬಟ್ಟೆ ಸೋಪಿನ ಪುಡಿ ಹಾಕಿ, ಬಿಸಿನೀರಲ್ಲಿ ಉಜ್ಜಬೇಕು. ಹಳೆ ಜೀಪು ಹನಿಸುವುದನ್ನು ನಿಲ್ಲಿಸದಿದ್ದರೆ ಕೆಳಗೊಂದು ತಗಡಿನ ಟ್ರೇ ಇಡುವುದೇ ಜಾಣತನ. ಬ್ಯಾಟರಿಯ ಆಸಿಡ್ ಚೆಲ್ಲಿದರೆ ಅಡುಗೆ ಸೋಡ ಎರಚಿ, ನೊರೆ ನಿಂತ ಮೇಲೆ ಹೆಚ್ಚು ನೀರು ಹಾಕಿ ತೊಳೆಯಬೇಕು.

ಇನ್ನು ಬೋರ್ಡೋ. ಕಾಫಿಯ ಎಲೆ ತುಕ್ಕು ರೋಗಕ್ಕೆ, ಮೆಣಸಿನ ಸೊರಗು ರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಹೊಡೆಯುವುದು ಇಲ್ಲಿನ ಪದ್ಧತಿ. ಮುಂಗಾರಿಗೆ ಮುಂಚೆ ಅದನ್ನು ಕಲಸುವ ಡ್ರಮ್ ಬಂದು ಕೂರುವುದು ಅನೇಕ ಕಡೆ ಇದೇ ಇಂಟರ್‌ಲಾಕ್ ಮೇಲೆ. ಚೆಲ್ಲಿದ ಆಕಾಶನೀಲಿ ದ್ರಾವಣ ಒಣಗಿತೆಂದರೆ ಕಲ್ಲಿನ ಸಣ್ಣ ರಂಧ್ರಗಳಲ್ಲಿ ಕೂತುಬಿಡುತ್ತದೆ, ವರ್ಷಗಟ್ಟಲೆ ನೀಲಿ ಛಾಯೆ ಉಳಿಯುತ್ತದೆ. ಹಸಿಯಿದ್ದಾಗಲೇ ತೊಳೆಯಬೇಕು, ಇಲ್ಲವೇ ಕಲಸುವ ಜಾಗಕ್ಕೆ ಹಳೆ ಟಾರ್ಪಾಲ್ ಹಾಸಬೇಕು. ಕಾಫಿ ಒಣಗಿಸಲಿಕ್ಕೂ ಇಂಟರ್‌ಲಾಕ್ ತಕ್ಕ ಜಾಗವಲ್ಲ. ಹಣ್ಣಿನ ರಸ ಕಲ್ಲಿಗೆ ಕಂದು ಕಲೆ ಹತ್ತಿಸುತ್ತದೆ. ಸಂದಿಯ ಮರಳು ಪಾರ್ಚ್‌ಮೆಂಟ್ ಕಾಫಿಯ ಜೊತೆ ಚೀಲ ಸೇರುತ್ತದೆ. ವರ್ಷದ ದುಡಿಮೆಯನ್ನು ಹರಡಲು ನುಣುಪು ಸಿಮೆಂಟಿನ ಕಣವೇ ಇರಲಿ.

ನಗರದ ಗ್ಯಾರೇಜುಗಳಲ್ಲಿ ಈಗ ಪ್ಲಾಸ್ಟಿಕ್ಕಿನ ಇಂಟರ್‌ಲಾಕ್ ಟೈಲ್ ಕೂಡ ಬಳಕೆಯಲ್ಲಿದೆ. ಸಿಮೆಂಟ್ ನೆಲದ ಮೇಲೆ ಟಕ್ಕನೆ ಕಚ್ಚಿಸಿ ಕೂರಿಸುವಂಥವು. ಅವಕ್ಕೆ ಮರಳು ಬೇಡ, ಆದರೆ ಅಡಿಯಲ್ಲಿ ದೂಳು ಮತ್ತು ತೇವ ಸೇರುತ್ತದೆ. ವರ್ಷಕ್ಕೊಮ್ಮೆ ಸಾಲು ಬಿಚ್ಚಿ, ನೆಲ ಒಣಗಿಸಿ, ಮತ್ತೆ ಜೋಡಿಸಬೇಕು. ಪಿವಿಸಿ ಟೈಲ್ ಮೇಲೆ ಟಯರ್ ನಿಂತಲ್ಲಿ ಕಂದು ಗುರುತು ಬಿದ್ದರೆ ಎಷ್ಟು ಉಜ್ಜಿದರೂ ಹೋಗುವುದು ಕಷ್ಟ. ಟಯರಿನ ರಬ್ಬರಿನಲ್ಲಿರುವ ರಾಸಾಯನಿಕ ಟೈಲಿನೊಳಕ್ಕೇ ಇಳಿದಿರುತ್ತದೆ. ಚಕ್ರದ ಜಾಗಕ್ಕೆ ಚಾಪೆ ಹಾಸುವುದೊಂದೇ ಉಪಾಯ.

ಮತ್ತೆ ಮರಳಿಗೆ ಬರೋಣ. ತುಂಬುವ ಕಾಲ ಫೆಬ್ರವರಿಯಿಂದ ಏಪ್ರಿಲ್, ಕಾಫಿಯ ಹೂಮಳೆ ಬಂದು ಹೋಗುವ ನಡುವಿನ ಒಣ ದಿನಗಳು. ಕಲ್ಲೂ ಒಣಗಿರಬೇಕು, ಮರಳೂ ಒಣಗಿರಬೇಕು. ಹಸಿ ಮರಳು ಸಂದಿಯ ಬಾಯಲ್ಲೇ ಸೇತುವೆ ಕಟ್ಟಿಕೊಂಡು ಕೆಳಗೆ ಟೊಳ್ಳು ಉಳಿಯುತ್ತದೆ. ಸಣ್ಣ ಜರಡಿಯಲ್ಲಿ ಸೋಸಿದ, ಮಣ್ಣಿನ ಅಂಶವಿಲ್ಲದ ಮರಳನ್ನು ಟಾರ್ಪಾಲ್ ಮೇಲೆ ಒಂದು ದಿನ ಬಿಸಿಲಿಗೆ ಹರಡಿ, ಮರುದಿನ ಅಂಗಳದ ಮೇಲೆ ಚೆಲ್ಲಿ, ಪೊರಕೆಯಿಂದ ಓರೆ ಓರೆಯಾಗಿ ಎಳೆಯಬೇಕು. ಆಮೇಲೆ ಪ್ಲೇಟ್ ವೈಬ್ರೇಟರ್ ಹೊಡೆಸಿದರೆ ಮರಳು ತಳಕ್ಕೆ ಇಳಿಯುತ್ತದೆ, ಮೇಲೆ ಜಾಗ ಉಳಿಯುತ್ತದೆ. ಇನ್ನೊಂದು ಸುತ್ತು ತುಂಬಬೇಕು. ಎಂಟಿಂಚು ಉದ್ದ, ನಾಲ್ಕಿಂಚು ಅಗಲ, 60 ಮಿಲಿಮೀಟರ್ ದಪ್ಪದ ಕಲ್ಲಿನ ಲೆಕ್ಕ ಹಿಡಿದರೆ, 300 ಚದರಡಿಯ ಶೆಡ್ಡಿನ ಸಂದಿಗಳೆಲ್ಲ ಸೇರಿ ನುಂಗುವುದು ಸುಮಾರು 110 ಕಿಲೋ ಮರಳು. ಎರಡು ಸಿಮೆಂಟ್ ಚೀಲದಷ್ಟು. ಅರ್ಧ ಖಾಲಿಯಾಗಿದ್ದರೆ ಒಂದು ಚೀಲ ಸಾಕು.

ದಪ್ಪದ ಮಾತು ಬಂದದ್ದರಿಂದ ಹೇಳಬೇಕು. ಇಂಥ ಕಲ್ಲುಗಳಿಗೆ ಭಾರತೀಯ ಮಾನಕ ಐಎಸ್ 15658 ಇದೆ. 2006ರಲ್ಲಿ ಅದು ಬಂದಾಗಿನ ಲೆಕ್ಕದಲ್ಲಿ 50 ಮಿಲಿಮೀಟರಿನದು ಗಾಡಿ ಹೋಗದ ಕಡೆಗೆ, 60 ಮಿಲಿಮೀಟರಿನದು ಹಗುರ ವಾಹನಕ್ಕೆ, ಮಧ್ಯಮ ಓಡಾಟಕ್ಕೆ 80 ಎಂದಿತ್ತು. ಗೊಬ್ಬರದ ಲಾರಿ ಮನೆಯ ಅಂಗಳದವರೆಗೂ ಬರುವ ತೋಟದವರು 60ರ ಕಲ್ಲು ಹಾಕಿಸಿ ಆಮೇಲೆ ಕುಸಿಯಿತೆಂದು ಕೊರಗುವುದು ನಡೆದೇ ಇದೆ.

ಕುಸಿದ ಜಾಗಕ್ಕೆ ಮೇಲಿಂದ ಸಿಮೆಂಟು ಮೆತ್ತುವುದು ದೊಡ್ಡ ತಪ್ಪು. ಎರಡು ಸ್ಕ್ರೂಡ್ರೈವರುಗಳನ್ನು ಕಲ್ಲಿನ ಎರಡು ಪಕ್ಕಕ್ಕೆ ತೂರಿಸಿ, ಸ್ವಲ್ಪ ಸ್ವಲ್ಪವೇ ಮೀಟಿದರೆ ಮೊದಲ ಕಲ್ಲು ಹಲ್ಲು ಕಿತ್ತಂತೆ ಮೇಲೆ ಬರುತ್ತದೆ. ಅಕ್ಕಪಕ್ಕದವು ಆಮೇಲೆ ಕೈಗೇ ಬರುತ್ತವೆ. ಅಡಿಗೆ ಮಣ್ಣು ತುಂಬಿ, ದಮ್ಮಸು ಹೊಡೆದು, ಒಂದಿಂಚಿನಷ್ಟು ಮರಳು ಸಮ ಮಾಡಿ, ಅವೇ ಕಲ್ಲುಗಳನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿ ಕೂರಿಸಬಹುದು. ನಲ್ಲಿಯ ಪೈಪು ಹಾಕಿಸಲು ಅಗೆದರೂ ಹೀಗೆಯೇ, ತೇಪೆಯ ಗುರುತು ಕೂಡ ಉಳಿಯುವುದಿಲ್ಲ. ಆದರೆ ಅಂಚಿನ ಕಟ್ಟೆ ಸಡಿಲವಾಗಿದ್ದರೆ ಇದೆಲ್ಲ ವ್ಯರ್ಥ. ಹೊರಸಾಲಿನ ಕಲ್ಲುಗಳು ಹೊರಕ್ಕೆ ಸರಿದಷ್ಟೂ ಒಳಗಿನ ಸಂದಿಗಳು ಅಗಲವಾಗುತ್ತ ಹೋಗುತ್ತವೆ, ಆದ್ದರಿಂದ ಕಟ್ಟೆಯನ್ನೇ ಮೊದಲು ನೋಡಬೇಕು.

ಹಾಕಿಸುವಾಗ ಉಳಿದ ಹತ್ತಿಪ್ಪತ್ತು ಕಲ್ಲುಗಳನ್ನು ಯಾರಿಗೂ ಕೊಡದೆ ಇಟ್ಟುಕೊಳ್ಳಬೇಕು. ಮುಂದಿನ ವರ್ಷ ಅದೇ ಅಂಗಡಿಯಲ್ಲಿ ಅದೇ ಕೆಂಪು ಕೇಳಿದರೂ ಬಣ್ಣ ಕೂಡುವುದಿಲ್ಲ. ಅವನ್ನು ಶೆಡ್ಡಿನೊಳಗೆ ಜೋಡಿಸಿಡುವುದಕ್ಕಿಂತ ಹಿತ್ತಲಲ್ಲಿ ಮಳೆ ಬಿಸಿಲಿಗೆ ಬಿಟ್ಟರೆ ಅಂಗಳದ ಕಲ್ಲಿನ ಜೊತೆಗೇ ಅವೂ ಮಾಸುತ್ತವೆ. ಒಡೆದ ಕಲ್ಲಿನ ಜಾಗದಲ್ಲಿ ಕೂರಿಸಿದ ದಿನವೇ ಹಳೆಯವುಗಳಲ್ಲಿ ಒಂದಾಗಿಬಿಡುತ್ತವೆ.