ಆರಂಭಿಕ ಸ್ಪರ್ಶಪರದೆ ಮತ್ತು ಕೀಲಿಮಣೆ ಸ್ಮಾರ್ಟ್‌ಫೋನ್‌ಗಳ ಹೋಲಿಕೆ

ಸ್ಮಾರ್ಟ್‌ಫೋನ್‌ಗಳ ಮೊದಲ ಎರಡು ದಶಕಗಳಲ್ಲಿ ಅವುಗಳ ವಿನ್ಯಾಸ ಎರಡು ಕವಲುಗಳಾಗಿ ಬೆಳೆಯಿತು. ಅಕ್ಷರಗಳನ್ನು ಅಚ್ಚೊತ್ತಿದ ಕೀಲಿಗಳುಳ್ಳ ದೂರವಾಣಿಗಳನ್ನು ಕೀಲಿಮಣೆ ಸ್ಮಾರ್ಟ್‌ಫೋನ್ಗಳೆಂದೂ, ಪರದೆಯನ್ನೇ ಮುಟ್ಟಿ ಬಳಸುವಂಥವನ್ನು ಸ್ಪರ್ಶಪರದೆ ಸ್ಮಾರ್ಟ್‌ಫೋನ್ಗಳೆಂದೂ ಕರೆಯಲಾಗುತ್ತದೆ. 2007ರಿಂದ 2010ರವರೆಗಿನ ಅವಧಿಯಲ್ಲಿ ಇವೆರಡೂ ಮಾರುಕಟ್ಟೆಯಲ್ಲಿ ಸರಿಸಮವಾಗಿ ಸ್ಪರ್ಧಿಸಿದವು. ಬರವಣಿಗೆಯ ನಿಖರತೆಯಲ್ಲಿ ಕೀಲಿಮಣೆ ಮುಂದಿತ್ತು. ಪರದೆಯ ವಿಸ್ತಾರ ಮತ್ತು ಬದಲಾವಣೆಗೆ ಒಗ್ಗುವ ಗುಣದಲ್ಲಿ ಸ್ಪರ್ಶಪರದೆ ಮುಂದಿತ್ತು. ಈ ಲೇಖನವು ಆ ಕಾಲದ ಪ್ರಮುಖ ಮಾದರಿಗಳ ಆಧಾರದ ಮೇಲೆ ಎರಡರ ಗುಣದೋಷಗಳನ್ನು ಹೋಲಿಸುತ್ತದೆ.

## ಹಿನ್ನೆಲೆ

ಸ್ಪರ್ಶಪರದೆಯು ಕೀಲಿಮಣೆಯ ನಂತರ ಬಂದದ್ದೆಂಬ ಭಾವನೆ ಸಾಮಾನ್ಯವಾಗಿದ್ದರೂ ಸ್ಮಾರ್ಟ್‌ಫೋನ್‌ಗಳ ಮಟ್ಟಿಗೆ ಅದು ಸರಿಯಲ್ಲ. ಬೆರಳಿನ ಸ್ಪರ್ಶವನ್ನು ಗ್ರಹಿಸುವ ಪರದೆಯ ಕುರಿತು ಇ. ಎ. ಜಾನ್ಸನ್ 1965ರಲ್ಲಿಯೇ ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿದ್ದ ರಾಯಲ್ ರಾಡಾರ್ ಸಂಸ್ಥೆಯಿಂದ ಲೇಖನ ಪ್ರಕಟಿಸಿದ್ದರು. ಮೊದಲ ಸ್ಮಾರ್ಟ್‌ಫೋನ್ ಎಂದು ಪರಿಗಣಿಸಲ್ಪಡುವ ಐಬಿಎಂ ಸೈಮನ್ 1994ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಾಗ ಅದರಲ್ಲಿ ಇದ್ದದ್ದು ಕಪ್ಪು-ಬಿಳುಪಿನ ಸ್ಪರ್ಶಪರದೆಯೇ. ಅಕ್ಷರದ ಕೀಲಿಗಳುಳ್ಳ ನೋಕಿಯಾ 9000 ಕಮ್ಯುನಿಕೇಟರ್ ಬಂದದ್ದು ಎರಡು ವರ್ಷಗಳ ಅನಂತರ, 1996ರಲ್ಲಿ. ಪುಸ್ತಕದಂತೆ ಬಿಚ್ಚಿಕೊಳ್ಳುತ್ತಿದ್ದ ಅದರ ತೂಕ 397 ಗ್ರಾಂ.

ಸೈಮನ್‌ನ ಬ್ಯಾಟರಿ ಸುಮಾರು ಒಂದು ಗಂಟೆಯಷ್ಟೇ ಬಾಳುತ್ತಿತ್ತು. ಸ್ಪರ್ಶಪರದೆ ಜನಬಳಕೆಗೆ ಬರಲು ಇನ್ನೂ ಹತ್ತು ವರ್ಷಗಳಿಗೂ ಮಿಕ್ಕಿ ಕಾಯಬೇಕಾಯಿತು. ಅಷ್ಟರಲ್ಲಿ ಕೆನಡಾದ ವಾಟರ್ಲೂ ನಗರದ ರಿಸರ್ಚ್ ಇನ್ ಮೋಷನ್ ಕಂಪನಿ 1999ರಲ್ಲಿ ಕೀಲಿಮಣೆಯುಳ್ಳ ಬ್ಲ್ಯಾಕ್‌ಬೆರಿ ಪೇಜರನ್ನೂ 2002ರಲ್ಲಿ ಬ್ಲ್ಯಾಕ್‌ಬೆರಿ 5810 ಎಂಬ ದೂರವಾಣಿಯನ್ನೂ ಹೊರತಂದಿತು. ಇಮೇಲ್ ಬಂದೊಡನೆ ತಾನಾಗಿಯೇ ಕೈಗೆ ತಲಪುವ ವ್ಯವಸ್ಥೆ ಮತ್ತು ಎರಡು ಹೆಬ್ಬೆರಳುಗಳಿಂದ ಬರೆಯಬಹುದಾದ ಕೀಲಿಗಳು ಜೊತೆಗೂಡಿದ್ದರಿಂದ ಅದು ಕಚೇರಿಯ ಕೆಲಸಗಾರರ ನೆಚ್ಚಿನ ಸಾಧನವಾಯಿತು.

2007ರ ಜನವರಿ 9ರಂದು ಆಪಲ್‌ನ ಸ್ಟೀವ್ ಜಾಬ್ಸ್ ಐಫೋನನ್ನು ಪರಿಚಯಿಸುತ್ತ ಕೀಲಿಮಣೆಯ ವಿರುದ್ಧ ಒಂದು ವಾದವನ್ನು ಮುಂದಿಟ್ಟರು. ಬಳಸಲಿ ಬಿಡಲಿ, ಕೀಲಿಗಳು ಸದಾ ಅಲ್ಲಿಯೇ ಇರುತ್ತವೆ. ಪ್ರತಿಯೊಂದು ಕೆಲಸಕ್ಕೂ ಬೇರೆ ಬೇರೆ ಗುಂಡಿಗಳು ಬೇಕಾದರೂ ಪ್ಲಾಸ್ಟಿಕ್ಕಿನಲ್ಲಿ ಒಮ್ಮೆ ಅಚ್ಚಾದದ್ದನ್ನು ಮುಂದೆ ಬದಲಿಸಲಾಗದು ಎಂಬುದು ಅದರ ಸಾರ.

## ಸ್ಪರ್ಶಪರದೆಯ ಎರಡು ಬಗೆಗಳು

ಆರಂಭಿಕ ಸ್ಪರ್ಶಪರದೆಗಳೆಲ್ಲವೂ ಒಂದೇ ತತ್ತ್ವದ ಮೇಲೆ ಕೆಲಸ ಮಾಡುತ್ತಿರಲಿಲ್ಲ.

* ರೆಸಿಸ್ಟಿವ್ ಪರದೆ: ಇದರಲ್ಲಿ ವಿದ್ಯುತ್ತನ್ನು ಹರಿಸುವ ಎರಡು ಪಾರದರ್ಶಕ ಪದರಗಳ ನಡುವೆ ಅತಿ ಕಿರಿದಾದ ತೆರಪಿರುತ್ತದೆ. ಒತ್ತಿದಾಗ ಮೇಲಿನ ಪದರ ಬಾಗಿ ಕೆಳಗಿನದನ್ನು ತಾಗುತ್ತದೆ. ತಾಗಿದ ಸ್ಥಳವನ್ನು ಸಾಧನ ಲೆಕ್ಕಹಾಕುತ್ತದೆ. ಕಡ್ಡಿ, ಉಗುರು, ಕೈಗವಸು ಹೀಗೆ ಯಾವುದರಿಂದಲಾದರೂ ಒತ್ತಬಹುದು. ಆದರೆ ಮೃದುವಾಗಿ ಸವರಿದರೆ ಸಾಲದು, ಒತ್ತಲೇಬೇಕು. ನೋಕಿಯಾ 5800 ಎಕ್ಸ್‌ಪ್ರೆಸ್‌ಮ್ಯೂಸಿಕ್ ಈ ಬಗೆಯದು.
* ಕೆಪಾಸಿಟಿವ್ ಪರದೆ: ಮನುಷ್ಯದೇಹ ವಿದ್ಯುದ್ವಾಹಕವಾದುದರಿಂದ ಬೆರಳು ಗಾಜಿನ ಸಮೀಪ ಬಂದಾಗ ಅಲ್ಲಿನ ವಿದ್ಯುತ್ ಕ್ಷೇತ್ರ ಬದಲಾಗುತ್ತದೆ. ಆ ಬದಲಾವಣೆಯನ್ನೇ ಪರದೆ ಗುರುತಿಸುತ್ತದೆ. ಒತ್ತಡ ಬೇಕಿಲ್ಲ, ಎರಡು ಬೆರಳುಗಳನ್ನು ಒಟ್ಟಿಗೆ ಗ್ರಹಿಸುವ ಏರ್ಪಾಡೂ ಸುಲಭ. ಆದರೆ ಸಾಮಾನ್ಯ ಕೈಗವಸು ತೊಟ್ಟರೆ ಕೆಲಸ ಮಾಡದು, ಒದ್ದೆ ಕೈಗೆ ಸರಿಯಾಗಿ ಸ್ಪಂದಿಸದು. ಎಲ್‌ಜಿ ಪ್ರಾಡಾ ಮತ್ತು ಐಫೋನ್ ಈ ಬಗೆಯವು.

ಬೆರಳುಗಳನ್ನು ಅಗಲಿಸಿ ಚಿತ್ರವನ್ನು ಹಿಗ್ಗಿಸುವುದು, ಸವರಿ ಪುಟ ಸರಿಸುವುದು ಮೊದಲಾದ ಕ್ರಿಯೆಗಳು ಎರಡನೆಯ ಬಗೆಯ ಪರದೆಯಿಂದಲೇ ಜನಪ್ರಿಯವಾದವು. ಆದ್ದರಿಂದ ಕೀಲಿಮಣೆಗೆ ನಿಜವಾದ ಪ್ರತಿಸ್ಪರ್ಧಿಯಾದದ್ದು ಸ್ಪರ್ಶಪರದೆ ಎಂಬುದಕ್ಕಿಂತ ಕೆಪಾಸಿಟಿವ್ ಸ್ಪರ್ಶಪರದೆ ಎಂಬುದೇ ಹೆಚ್ಚು ಸೂಕ್ತ.

## ಪ್ರಾತಿನಿಧಿಕ ಮಾದರಿಗಳು

| ಮಾದರಿ | ಮಾರಾಟದ ಆರಂಭ | ಬರೆಯುವ ಬಗೆ | ಪರದೆ (ಇಂಚು) | ಪಿಕ್ಸೆಲ್‌ಗಳು | ಕ್ಯಾಮೆರಾ (ಮೆಗಾಪಿಕ್ಸೆಲ್) |
|---|---|---|---|---|---|
| ಐಫೋನ್ | 2007 | ಕೆಪಾಸಿಟಿವ್ ಪರದೆ | 3.5 | 320 × 480 | 2 |
| ನೋಕಿಯಾ ಇ71 | 2008 | ಕೀಲಿಮಣೆ | 2.36 | 320 × 240 | 3.2 |
| ಎಚ್‌ಟಿಸಿ ಡ್ರೀಮ್ | 2008 | ಕೆಪಾಸಿಟಿವ್ ಪರದೆ ಮತ್ತು ಜಾರುವ ಕೀಲಿಮಣೆ | 3.2 | 320 × 480 | 3.2 |
| ನೋಕಿಯಾ 5800 | 2008 | ರೆಸಿಸ್ಟಿವ್ ಪರದೆ | 3.2 | 360 × 640 | 3.2 |

ಐಫೋನ್‌ನ ಮೊದಲ ಮಾದರಿಯಲ್ಲಿ ಮೂರನೆಯ ತಲೆಮಾರಿನ ಸಂಪರ್ಕವಾಗಲಿ ಜಿಪಿಎಸ್ ಆಗಲಿ ಇರಲಿಲ್ಲ; ಪಠ್ಯವನ್ನು ನಕಲಿಸಿ ಅಂಟಿಸುವ ಸೌಲಭ್ಯ 2009ರವರೆಗೆ ಬರಲಿಲ್ಲ. ಇ71ರಲ್ಲಿ ಇವೆಲ್ಲವೂ ಇದ್ದವು. ಅಂದರೆ ಸೌಲಭ್ಯಗಳ ಪಟ್ಟಿಯನ್ನಷ್ಟೇ ನೋಡಿದರೆ ಆ ಕಾಲದ ಕೀಲಿಮಣೆ ಫೋನ್ ಹಿಂದುಳಿದಿರಲಿಲ್ಲ.

## ಬರವಣಿಗೆ

ಕೀಲಿಗೆ ಅಂಚಿದೆ, ಉಬ್ಬಿದೆ. ಒತ್ತಿದಾಗ ಅದು ತಗ್ಗಿ ಮತ್ತೆ ಮೇಲೇಳುತ್ತದೆ. ಹೀಗಾಗಿ ಬೆರಳು ಎಲ್ಲಿದೆ, ಅಕ್ಷರ ಮೂಡಿತೇ ಎಂಬ ಎರಡೂ ಪ್ರಶ್ನೆಗಳಿಗೆ ಬೆರಳ ತುದಿಯಲ್ಲೇ ಉತ್ತರ ದೊರೆಯುತ್ತದೆ. ಕೀಲಿಯ ಮೇಲೆ ಬೆರಳನ್ನು ಸುಮ್ಮನೆ ಇರಿಸಿದರೆ ಅಕ್ಷರ ಮೂಡುವುದಿಲ್ಲ. ಗಾಜಿನ ಪರದೆಯಲ್ಲಿ ಇರಿಸುವುದೇ ಒತ್ತುವುದಾಗುತ್ತದೆ. ಅಭ್ಯಾಸವಾದವರು ಕೀಲಿಮಣೆಯ ಮೇಲೆ ನೋಡದೆಯೇ ಬರೆಯಬಲ್ಲರು. ಬ್ಲ್ಯಾಕ್‌ಬೆರಿಯಲ್ಲಿ ಕೀಲಿಗಳು ಆಜ್ಞೆಗಳಾಗಿಯೂ ಬಳಕೆಯಾಗುತ್ತಿದ್ದವು: ಇಮೇಲ್ ಓದುತ್ತಿರುವಾಗ ‘ಆರ್’ ಒತ್ತಿದರೆ ಉತ್ತರ ಬರೆಯುವ ಪುಟ, ‘ಎಫ್’ ಒತ್ತಿದರೆ ಮುಂದಕ್ಕೆ ಕಳುಹಿಸುವ ಪುಟ ತೆರೆಯುತ್ತಿತ್ತು.

ಗಾಜಿನ ಮೇಲಿನ ಕೀಲಿ ಬರಿಯ ಚಿತ್ರ. ಈ ಕೊರತೆಯನ್ನು ತಂತ್ರಾಂಶದಿಂದ ತುಂಬಲು ಯತ್ನಿಸಲಾಯಿತು. ಐಫೋನ್ ತಪ್ಪಾದ ಪದಗಳನ್ನು ತಾನಾಗಿಯೇ ತಿದ್ದುತ್ತಿತ್ತಲ್ಲದೆ, ಮುಂದೆ ಬರಬಹುದಾದ ಅಕ್ಷರವನ್ನು ಊಹಿಸಿ ಆ ಕೀಲಿಯ ಸ್ಪರ್ಶಕ್ಷೇತ್ರವನ್ನು ಕಣ್ಣಿಗೆ ಕಾಣದಂತೆ ಹಿಗ್ಗಿಸುತ್ತಿತ್ತು. ಇಂಗ್ಲಿಷಿನಲ್ಲಿ ‘ಟಿ’, ‘ಎಚ್’ ಅಕ್ಷರಗಳಾದ ಮೇಲೆ ‘ಇ’ ಬರುವ ಸಂಭವ ಹೆಚ್ಚಾದುದರಿಂದ ಅದರ ಸಮೀಪ ಮುಟ್ಟಿದರೂ ಅದೇ ಅಕ್ಷರ ಮೂಡುತ್ತಿತ್ತು. ನಿಘಂಟಿನಲ್ಲಿರುವ ಪದಗಳಿಗೆ ಇದರಿಂದ ಅನುಕೂಲವಾಯಿತು. ವ್ಯಕ್ತಿನಾಮ, ಸ್ಥಳನಾಮ, ಗುಪ್ತಪದ ಹಾಗೂ ಇಂಗ್ಲಿಷ್ ಲಿಪಿಯಲ್ಲಿ ಬರೆದ ಅನ್ಯಭಾಷೆಯ ಪದಗಳಿಗೆ ಅದೇ ತೊಡಕೂ ಆಯಿತು.

ಬ್ಲ್ಯಾಕ್‌ಬೆರಿ 2008ರ ಸ್ಟಾರ್ಮ್ ಮಾದರಿಯಲ್ಲಿ ಎರಡನ್ನೂ ಬೆಸೆಯಲು ಯತ್ನಿಸಿತು. ಅದರಲ್ಲಿ ಇಡೀ ಪರದೆಯೇ ಒಂದು ಗುಂಡಿಯಂತೆ ಒತ್ತಿಕೊಳ್ಳುತ್ತಿತ್ತು. ಪ್ರತಿ ಅಕ್ಷರಕ್ಕೂ ಪರದೆಯನ್ನು ಅದುಮಬೇಕಾದುದರಿಂದ ಬರವಣಿಗೆ ನಿಧಾನವಾಯಿತು, ಪ್ರಯೋಗ ಯಶಸ್ವಿಯಾಗಲಿಲ್ಲ.

## ಪರದೆ, ಬ್ಯಾಟರಿ ಮತ್ತು ಗಾತ್ರ

ಕೀಲಿಮಣೆಯುಳ್ಳ ಫೋನಿನ ಮುಖದಲ್ಲಿ ಹೆಚ್ಚುಕಡಿಮೆ ಅರ್ಧಭಾಗ ಕೀಲಿಗಳಿಗೇ ಮೀಸಲಾಗುತ್ತಿತ್ತು. ಜಾಲತಾಣ, ನಕ್ಷೆ, ಛಾಯಾಚಿತ್ರ ಮತ್ತು ಚಲನಚಿತ್ರಗಳನ್ನು ನೋಡಲು ಉಳಿದ ಜಾಗ ಸಾಲದಾಗಿತ್ತು. ಇದಕ್ಕೆ ಪ್ರತಿಯಾಗಿ ಚಿಕ್ಕ ಪರದೆ ಕಡಿಮೆ ವಿದ್ಯುತ್ತನ್ನು ಬಳಸುತ್ತಿತ್ತು. ಇ71ರ ಬ್ಯಾಟರಿಯನ್ನು ಬಳಕೆದಾರರೇ ಹೊರತೆಗೆದು ಬದಲಿಸಬಹುದಿತ್ತು. ಐಫೋನ್‌ನಲ್ಲಿ ಅದು ಸಾಧ್ಯವಿರಲಿಲ್ಲ.

ಎರಡೂ ಬೇಕೆನ್ನುವವರಿಗಾಗಿ ಪರದೆಯ ಅಡಿಯಿಂದ ಕೀಲಿಮಣೆ ಜಾರಿ ಹೊರಬರುವ ಮಾದರಿಗಳು ಬಂದವು. ಮೊದಲ ಆಂಡ್ರಾಯ್ಡ್ ಫೋನಾದ ಎಚ್‌ಟಿಸಿ ಡ್ರೀಮ್ ಈ ವರ್ಗದ್ದು. ಆರಂಭದಲ್ಲಿ ಆಂಡ್ರಾಯ್ಡ್‌ನಲ್ಲಿ ಪರದೆಯ ಮೇಲಿನ ಕೀಲಿಮಣೆಯೇ ಇರಲಿಲ್ಲ; ಅದು 2009ರ 1.5ನೆಯ ಆವೃತ್ತಿಯಲ್ಲಿ ಸೇರಿತು. ನೋಕಿಯಾ ಎನ್97, ಮೊಟೊರೋಲಾ ಡ್ರಾಯ್ಡ್ (ಎರಡೂ 2009) ಮತ್ತು ಬ್ಲ್ಯಾಕ್‌ಬೆರಿ ಟಾರ್ಚ್ (2010) ಇದೇ ಹಾದಿ ಹಿಡಿದವು. ಇಂತಹ ಫೋನುಗಳು ದಪ್ಪವಾಗುತ್ತಿದ್ದವು, ಮತ್ತು ಜಾರುವ ಭಾಗ ಕಾಲಕ್ರಮೇಣ ಸವೆಯುತ್ತಿತ್ತು.

## ಅಂಗವಿಕಲರ ಬಳಕೆ

ಈ ಹೋಲಿಕೆ ಕೆಲವರಿಗೆ ಬರಿಯ ಅಭಿರುಚಿಯ ಪ್ರಶ್ನೆಯಾಗಿರಲಿಲ್ಲ. ದೃಷ್ಟಿಹೀನರು ಕೀಲಿಗಳನ್ನು ತಡವಿ, ‘5’ರ ಕೀಲಿಯ ಮೇಲಿನ ಚುಕ್ಕೆಯನ್ನು ಗುರುತಾಗಿಟ್ಟುಕೊಂಡು ಸಂಖ್ಯೆಗಳನ್ನು ಒತ್ತುತ್ತಿದ್ದರು, ನೋಕಿಯಾ ಫೋನುಗಳಲ್ಲಿ ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶವನ್ನೂ ಅಳವಡಿಸಿಕೊಳ್ಳಬಹುದಿತ್ತು. ನುಣುಪಾದ ಗಾಜಿನಲ್ಲಿ ತಡವಲು ಏನೂ ಇಲ್ಲ. ಮೊದಲ ಎರಡು ವರ್ಷಗಳ ಐಫೋನ್ ಅವರ ಪಾಲಿಗೆ ಮುಚ್ಚಿದ ಬಾಗಿಲಿನಂತಿತ್ತು. 2009ರ ಐಫೋನ್ 3ಜಿಎಸ್‌ನಲ್ಲಿ ಬಂದ ವಾಯ್ಸ್‌ಓವರ್ ಈ ಸ್ಥಿತಿಯನ್ನು ಬದಲಿಸಿತು. ಬೆರಳು ಯಾವುದರ ಮೇಲಿದೆಯೋ ಅದರ ಹೆಸರನ್ನು ಫೋನ್ ಉಚ್ಚರಿಸುತ್ತದೆ. ಎರಡು ಬಾರಿ ತಟ್ಟಿದರೆ ಮಾತ್ರ ಅದು ಆಯ್ಕೆಯಾಗುತ್ತದೆ. ಇಲ್ಲಿ ತಡವುವುದನ್ನೂ ಒತ್ತುವುದನ್ನೂ ಮತ್ತೆ ಬೇರ್ಪಡಿಸಲಾಯಿತು.

ಅಮೆರಿಕದಲ್ಲಿ ಕಿವುಡರ ಸಮುದಾಯವು ಕೀಲಿಮಣೆಯುಳ್ಳ ಸೈಡ್‌ಕಿಕ್ ಫೋನನ್ನು ವ್ಯಾಪಕವಾಗಿ ಬಳಸಿತು. ಧ್ವನಿಯ ಬದಲು ಬರಹವನ್ನೇ ನೆಚ್ಚಿದವರಿಗೆ ವೇಗವಾದ ಕೀಲಿಮಣೆ ಮಾತಿನಷ್ಟೇ ಮುಖ್ಯವಾಗಿತ್ತು.

## ಕನ್ನಡ ಬರವಣಿಗೆ

ಕೀಲಿಮಣೆ ಫೋನುಗಳ ಕೀಲಿಗಳಲ್ಲಿ ಸಾಮಾನ್ಯವಾಗಿ ರೋಮನ್ ಅಕ್ಷರಗಳಷ್ಟೇ ಇದ್ದವು. ಭಾರತೀಯ ಲಿಪಿಗಳಿಗಾಗಿ ರೂಪಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸಕ್ಕೆ ರೋಮನ್ ಅಕ್ಷರಗಳ 26 ಕೀಲಿಗಳಲ್ಲದೆ ಅಂಕಿ ಮತ್ತು ಚಿಹ್ನೆಗಳ ಕೀಲಿಗಳೂ ಬೇಕಾಗುವುದರಿಂದ ಮೂರು ಸಾಲಿನ ಪುಟ್ಟ ಕೀಲಿಮಣೆಗೆ ಅದು ಒಗ್ಗುತ್ತಿರಲಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವು 26 ಅಕ್ಷರ ಕೀಲಿಗಳನ್ನೂ ಶಿಫ್ಟ್ ಕೀಲಿಯನ್ನೂ ಬಳಸಿ ಕನ್ನಡವನ್ನು ಬರೆಯಿಸುತ್ತದೆ. ಆದ್ದರಿಂದ ಕೀಲಿಗಳ ಸಂಖ್ಯೆಯೊಂದೇ ಅಡ್ಡಿಯಾಗಿತ್ತೆನ್ನಲಾಗದು. ಲಿಪಿಯನ್ನು ತೋರಿಸುವ ಮತ್ತು ಮೂಡಿಸುವ ತಂತ್ರಾಂಶದ ಕೊರತೆಯೇ ದೊಡ್ಡದಾಗಿತ್ತು.

ಆ ಕೊರತೆ ಆರಂಭಿಕ ಸ್ಪರ್ಶಪರದೆ ಫೋನುಗಳಲ್ಲಿಯೂ ಇತ್ತು. ಕನ್ನಡದಲ್ಲಿ ಸ್ವರಚಿಹ್ನೆ ಮತ್ತು ಒತ್ತಕ್ಷರಗಳು ವ್ಯಂಜನದೊಡನೆ ಕೂಡಿ ಹೊಸ ಆಕಾರ ಪಡೆಯುತ್ತವೆ. ಇದನ್ನು ಅರಿಯದ ಫೋನುಗಳಲ್ಲಿ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದವು. ಆಗ ಹಲವರು ಒಪೆರಾ ಮಿನಿ ಬ್ರೌಸರ್‌ನಲ್ಲಿ ಅಕ್ಷರಗಳನ್ನು ಚಿತ್ರರೂಪದಲ್ಲಿ ತರಿಸಿಕೊಳ್ಳುವ ಆಯ್ಕೆಯ ಮೊರೆಹೋದರು. ಆಂಡ್ರಾಯ್ಡ್ 2012ರ 4.1ನೆಯ ಆವೃತ್ತಿಯಲ್ಲಿ ಕನ್ನಡ, ತೆಲುಗು ಮತ್ತು ಮಲಯಾಳಂ ಲಿಪಿಗಳಿಗೆ ಬೆಂಬಲ ನೀಡಿತು. ಆಂಡ್ರಾಯ್ಡ್ 2009ರಿಂದಲೇ ಹೊರಗಿನವರು ರಚಿಸಿದ ಕೀಲಿಮಣೆಗಳಿಗೆ ಅವಕಾಶವಿತ್ತಿದ್ದರಿಂದ, ತಯಾರಕರನ್ನು ಕಾಯದೆ ಕನ್ನಡದ ತಂತ್ರಜ್ಞರೇ ಕೀಲಿಮಣೆಗಳನ್ನು ರೂಪಿಸಲು ಸಾಧ್ಯವಾಯಿತು. ಐಫೋನ್ ಅಂತಹ ಅವಕಾಶವನ್ನು 2014ರಲ್ಲಿ ನೀಡಿತು. ಅದರ ಸ್ವಂತ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ.

## ಪರಿಣಾಮ

ರಿಸರ್ಚ್ ಇನ್ ಮೋಷನ್ 2013ರಲ್ಲಿ ಬ್ಲ್ಯಾಕ್‌ಬೆರಿ ಎಂದು ಹೆಸರು ಬದಲಿಸಿಕೊಂಡಿತು. 2016ರಲ್ಲಿ ಫೋನುಗಳನ್ನು ತಾನೇ ವಿನ್ಯಾಸಗೊಳಿಸುವುದನ್ನು ನಿಲ್ಲಿಸುವುದಾಗಿ ಘೋಷಿಸಿತು. ಅದರ ಹಳೆಯ ಫೋನುಗಳನ್ನು ನಡೆಸುತ್ತಿದ್ದ ಸೇವೆಗಳು 2022ರ ಜನವರಿ 4ರಂದು ಕೊನೆಗೊಂಡವು.

ಬರವಣಿಗೆಯೊಂದನ್ನೇ ಅಳತೆಗೋಲಾಗಿಸಿಕೊಂಡರೆ ಆರಂಭಿಕ ವರ್ಷಗಳಲ್ಲಿ ಕೀಲಿಮಣೆಯೇ ಮೇಲಾಗಿತ್ತು. ಆದರೆ ಅದರ ಗುಣಗಳೂ ಮಿತಿಗಳೂ ಕಾರ್ಖಾನೆಯಿಂದ ಹೊರಬರುವಾಗಲೇ ನಿಗದಿಯಾಗಿರುತ್ತಿದ್ದವು. ಸ್ಪರ್ಶಪರದೆಯ ಅನೇಕ ನ್ಯೂನತೆಗಳನ್ನು ತಂತ್ರಾಂಶದ ಹೊಸ ಆವೃತ್ತಿಗಳು ನಿವಾರಿಸಿದವು. ಒಂದೇ ಗಾಜಿನ ಮೇಲೆ ಯಾವ ಲಿಪಿಯನ್ನಾದರೂ ಮೂಡಿಸಬಹುದಾಯಿತು. ನೋಡದೆ ಬರೆಯುವ ನಿರಾಯಾಸವನ್ನು ಮಾತ್ರ ಅದು ಪೂರ್ತಿಯಾಗಿ ತುಂಬಿಕೊಡಲಿಲ್ಲ.